ಹಿಂದಿನ ಸೀಟಿನ ಮರಳುಚೀಲ

ವಿಮಾನ ದುರಸ್ತಿ ಶೆಡ್ಡಿನ ವಸತಿ
ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ ತಮ್ಮನ ನಮಸ್ಕಾರ.

ನಿನ್ನ ಮಂಡಿನೋವು ಹೇಗಿದೆ? ಭಾವ ಈಗಲಾದರೂ ಒಂದು ಲೋಟ ನೀರನ್ನು ತಾವೇ ಎದ್ದು ತೆಗೆದುಕೊಳ್ಳುತ್ತಾರೋ ಇಲ್ಲವೋ? ರೇಡಿಯೊದಲ್ಲಿ ಸುದ್ದಿ ಕೇಳಿ ಗಾಬರಿಯಾಗಿರುತ್ತೀ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಹೋದವರು ನಮ್ಮ ಪೈಲಟ್, ಮೀಸೆ ಸಾಹೇಬರು.

ನಮ್ಮಲ್ಲೊಂದು ಪದ್ಧತಿಯಿದೆ. ಯುದ್ಧದಲ್ಲಿ ಪೆಟ್ಟು ತಿಂದು ಬಂದ ವಿಮಾನವನ್ನು ರಿಪೇರಿ ಮಾಡಿ ಮೊದಲ ಸಲ ಹಾರಿಸಿ ನೋಡುವಾಗ, ಅದನ್ನು ಅತ್ತಿತ್ತ ತಿರುಗಿಸುವ ತಂತಿಗಳನ್ನು ಬಿಗಿದ ಫಿಟ್ಟರೇ ಹಿಂದಿನ ಸೀಟಿನಲ್ಲಿ ಕೂರಬೇಕು. ಆಗ ಕೈ ತಾನಾಗಿಯೇ ಹುಷಾರಾಗಿರುತ್ತದೆ. ನೀನು ನಿದ್ದೆಗೆಡುತ್ತೀಯೆಂದು ಇದನ್ನು ಬರೆದಿರಲಿಲ್ಲ. ಮಂಗಳವಾರ ನಾನು ವಿಮಾನ ಹತ್ತಿ, ಬೆಲ್ಟನ್ನೂ ಕಟ್ಟಿಕೊಂಡಿದ್ದೆ. ಒದ್ದೆ ತಲೆಯಲ್ಲಿ ಓಡಾಡಬೇಡವೆಂದು ನೀನು ಬಾಯಿ ನೋಯುವಷ್ಟು ಹೇಳಿದ್ದೀ, ನಾನು ಕೇಳುವವನೇ? ನೆಗಡಿ ಹಿಡಿದು ಸೀನುತ್ತಿದ್ದೆ. ಸಾಹೇಬರು ತಿರುಗಿ ನೋಡಿ, "ಇಳಿಯಪ್ಪಾ ಕೆಳಗೆ. ಈ ಮೂಗಿಟ್ಕೊಂಡು ಮೇಲೆ ಬಂದ್ರೆ ಕಿವಿ ಹೋಗುತ್ತೆ. ಆಮೇಲೆ ನಿಮ್ಮಕ್ಕನಿಗೆ ಯಾರು ಉತ್ತರ ಹೇಳೋದು?" ಎಂದರು. ನಿನ್ನ ಬೈಗುಳಗಳನ್ನೆಲ್ಲ ಅವರಿಗೆ ಹೇಳಿ ನಗಿಸುತ್ತಿದ್ದೆ. ತೂಕ ಸರಿಹೋಗಲೆಂದು ನನ್ನ ಜಾಗಕ್ಕೆ ಮರಳುಚೀಲ ಕಟ್ಟಿದೆವು. ಇದಾದರೆ ಬಾಯಿ ಮುಚ್ಚಿಕೊಂಡಿರುತ್ತದೆ ಎಂದು ನಕ್ಕು ಹೊರಟರು.

ಮೇಲೇರಿದ ಸ್ವಲ್ಪ ಹೊತ್ತಿಗೆ ಎಂಜಿನ್ನಿಗೆ ಬೆಂಕಿ ಹತ್ತಿತು. ಕೆಳಗೆ ನಮ್ಮ ಶೆಡ್ಡು, ಪಕ್ಕದಲ್ಲೇ ಮನೆಗಳ ಸಾಲು. ಪ್ಯಾರಾಚೂಟ್ ಇತ್ತು, ಜಿಗಿಯಬಹುದಿತ್ತು. ಜಿಗಿಯಲಿಲ್ಲ. ವಿಮಾನವನ್ನು ಬಯಲಿನ ಕಡೆ ತಿರುಗಿಸಿಕೊಂಡು ಹೋಗಿ ಅಲ್ಲಿ ಬಿದ್ದರು. ನಾವು ಓಡಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಕ್ಕಾ, ಎಲ್ಲರೆದುರೇ ಬಿಕ್ಕಿ ಬಿಕ್ಕಿ ಅತ್ತೆ. ತಂತಿಗಳು ಕೊನೆಯವರೆಗೂ ಹಿಡಿದಿದ್ದವು, ಅದರಿಂದಲೇ ತಿರುಗಿಸಲು ಆಯಿತು ಎಂದು ತನಿಖೆಯವರು ಹೇಳಿದರು. ಅಷ್ಟಾದರೂ ಸಾಹೇಬರಿಗೆ ನನ್ನ ಕೈಯಿಂದ ಸಂದಿತಲ್ಲ.

ಉಳಿದುಕೊಂಡೆನೆಂದು ಎರಡು ದಿನ ತಲೆ ತಗ್ಗಿಸಿಕೊಂಡೇ ಓಡಾಡಿದೆ. ಈಗ ಹಾಗಿಲ್ಲ. ಬೆಳಿಗ್ಗೆ ಬಿಸಿ ಟೀ ಗಂಟಲಿಗಿಳಿದರೆ, ಮನೆಗಳ ಸಾಲಿನಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಕೇಳಿದರೆ, ಸಾಹೇಬರನ್ನು ನೆನೆದು ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ನಾವೆಲ್ಲ ಅವರು ಕೊಟ್ಟುಹೋದ ದಿನಗಳನ್ನು ಬಾಳುತ್ತಿದ್ದೇವೆ. ಹುಟ್ಟಿದಾರಭ್ಯ ನಿನ್ನ ಮಾತು ಮೀರಿದ್ದರಿಂದ ಒಳ್ಳೆಯದಾಗಿದ್ದು ಇದೊಂದೇ ಸಲ. ಇದನ್ನೇ ಹಿಡಿದು ಜಂಬ ಕೊಚ್ಚುವುದಿಲ್ಲ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿನ್ನ ಹಟಮಾರಿ ತಮ್ಮ

ಲಕೋಟೆ ಅಂಟಿಸುವ ಮುನ್ನ: ನಾಳೆ ಇನ್ನೊಂದು ವಿಮಾನದ ಪರೀಕ್ಷೆ. "ಈ ಸಲ ನೀನು ಕೂರಬೇಕಿಲ್ಲ" ಎಂದರು ಮೇಲಿನವರು. ಹೊಸ ಪೈಲಟ್ ನನ್ನ ಮುಖ ನೋಡಿದರು. ಕೂರುತ್ತೇನೆ ಎಂದುಬಿಟ್ಟೆ ಅಕ್ಕಾ. ಬೈಯುವುದಿದ್ದರೆ ಬೈದು ಬರೆ, ಉದ್ದವಾಗಿಯೇ ಬರೆ. ಓದಲು ನಾನಿರುತ್ತೇನೆ.