ಮೂಗಿನ ಹೊಲಿಗೆಗೆ ಬಂಗುಡೆ ನಂಜೇ?

ನವೆಂಬರ್ ೧೪, ಶುಕ್ರವಾರ

ಹೊಸಂಗಡಿಯ ಹರಿನಾಥರು ಇವತ್ತೂ ಕ್ಲಿನಿಕ್ಕಿಗೆ ಫೋನ್ ಮಾಡಿದರು. ಮೂಗಿನ ಮೇಲಿನ ಚರ್ಮದ ಕ್ಯಾನ್ಸರ್ ತೆಗೆದು ವಾರವಾಗಿಲ್ಲ. ರಕ್ತ ಬಂದರೆ, ಕೀವಾದರೆ, ಜ್ವರ ಬಂದರೆ ಫೋನ್ ಮಾಡಿ ಎಂದಿದ್ದೆ. ಈ ಮಹಾಶಯರ ಪ್ರಶ್ನೆ ಬೇರೆ.

"ಸಿಸ್ಟರ್, ಬಂಗುಡೆ ಮೀನು ತಿಂದ್ರೆ ಹೊಲಿಗೆ ನಂಜಾಗ್ತದಾ?"

ನಿನ್ನೆ ಸಿಗಡಿ, ಮೊನ್ನೆ ಬದನೆ. ಕ್ಯಾನ್ಸರ್ ಪೂರ್ತಿ ಹೋಯಿತೇ ಎಂದು ಮಾತ್ರ ಕೇಳುವುದಿಲ್ಲ. ಹೆಂಡತಿಗೆ ಬರೀ ನರಹುಲಿ ಎಂದಿದ್ದಾರಂತೆ. ದೊಡ್ಡ ಧೀರ!

ಸಂಜೆ ಅದೇ ಹೆಂಡತಿ, ದಮಯಂತಿಯವರ ಫೋನ್. "ಕ್ಯಾನ್ಸರ್ ಅಂತ ನನಗೆ ಗೊತ್ತುಂಟು. ನನಗೆ ಗೊತ್ತುಂಟು ಅಂತ ಅವರಿಗೆ ಹೇಳ್ಬೇಡಿ ಆಯ್ತಾ. ಬಂಗುಡೆ ಕೊಡ್ಬಹುದಾ?"

ಒಂದೇ ಅಡುಗೆಮನೆಯಲ್ಲಿ, ಒಂದೇ ಮೀನಿನ ಹಿಂದೆ ಅಡಗಿ ಕೂತ ಇಬ್ಬರು ಹೇಡಿಗಳು. ಗಂಡಹೆಂಡಿರು ಮಾತಾಡಿಕೊಳ್ಳುವುದಕ್ಕೂ ನಡುವೆ ನಾನೇ ಬೇಕು...