ಇಲಿಗಳಿಗೆ ಮಾತ್ರ ಸಿಗುವ ಚಿನ್ನ

ಮಾರ್ಚ್ ೧೨, ಮಂಗಳವಾರ

ಯಾರ ಮುಂದೆಯೂ ಕೈಯೊಡ್ಡದವಳು ಇಂದು ಸೊಸೆಯ ಮುಂದೆ ಒಡ್ಡಿದೆ. ಅವಳ ಪ್ರಯೋಗಾಲಯದಲ್ಲಿ ಓಲೆಯ ತಿರುಪಿನಂತೆ ಒಂದೇ ಕಡೆಗೆ ತಿರುಚಿದ ಚಿನ್ನದ ಕಣಗಳನ್ನು ಮಾಡುತ್ತಾರೆ. ಅವು ಕ್ಯಾನ್ಸರ್ ಗಡ್ಡೆಯೊಳಗೆ ಸೇರಿಕೊಂಡು, ಸ್ಕ್ಯಾನಿನಲ್ಲಿ ಅದನ್ನು ತೋರಿಸಿ, ಬೆಳಕು ಬಿಟ್ಟಾಗ ಕಾದು ಸುಡುತ್ತವಂತೆ.

ನನ್ನ ಗಡ್ಡೆಯ ವಿಷಯದಲ್ಲಿ ಡಾಕ್ಟರು ಕೈಚೆಲ್ಲಿಯಾಗಿದೆ. "ನನಗೂ ಅದನ್ನ ಹಾಕು" ಎಂದೆ.

"ಅತ್ತೆ, ಅದಿನ್ನೂ ಇಲಿಗಳಿಗೆ ಮಾತ್ರ. ಮನುಷ್ಯರಿಗೆ ಬರೋಕೆ ವರ್ಷಗಳೇ ಬೇಕು."

"ನನ್ನನ್ನೂ ಒಂದು ಇಲಿ ಅಂದ್ಕೋ. ಹೇಗೂ ಬೋನಿಗೆ ಬಿದ್ದಿದ್ದೀನಲ್ಲ."

ಅವಳು ನಗಲಿಲ್ಲ. "ನನ್ನ ಕೈಯಿಂದಲೇ ನಿಮಗೇನಾದ್ರೂ ಆದ್ರೆ?" ಎಂದು ಎದ್ದುಹೋದಳು.

ಈ ಮನೆಯಲ್ಲಿ ನನ್ನ ಮಾತಿಗೆ ಇದುವರೆಗೆ ಯಾರೂ ಇಲ್ಲವೆಂದಿರಲಿಲ್ಲ. ಬೈಯೋಣವೆಂದರೆ ಅವಳದು ತಪ್ಪೂ ಅಲ್ಲ. ಗೋಡೆಯಾಚೆ ಅಳುತ್ತಿದ್ದಾಳೆ. ಹೋಗಿ ಸಮಾಧಾನ ಮಾಡಬೇಕು. ಹೋದರೆ ಮತ್ತೆ ಕೇಳಿಬಿಡುತ್ತೇನೇನೋ ಎಂದು ಇಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ.