ಕತ್ತಿ ಯಾರ ಕಾಲ ಬಳಿ ಬಿತ್ತು

ಮ್ಯಾನಿಟವಾಕ್, ವಿಸ್ಕಾನ್ಸಿನ್
ಸೋಮವಾರ ಬೆಳಿಗ್ಗೆ, 14 ಅಕ್ಟೋಬರ್ 2013

ಪ್ರೀತಿಯ ಕರ್ಸ್ಟನ್,

ಹೇಗಿದ್ದೀಯಾ ಮಗಳೇ, ಆ ಕೆಮ್ಮು ಹೋಯಿತೇ? ಒದ್ದೆ ಕೈಗವಸಿನಲ್ಲೇ ಇಡೀ ಪಾಳಿ ಡೆಕ್ ಮೇಲೆ ನಿಂತಿದ್ದೆ ಎಂದು ಹೋದ ಪತ್ರದಲ್ಲಿ ನೀನೇ ಹೆಮ್ಮೆಯಿಂದ ಬರೆದಿದ್ದೆ. ಒಣಗಿದ ಇನ್ನೊಂದು ಜೊತೆ ಜೇಬಿನಲ್ಲಿರಲಿ ಎಂದು ಹಡಗಿನಲ್ಲಿ ದುಡಿಯುವ ಇಪ್ಪತ್ತೆಂಟು ವರ್ಷದವಳಿಗೂ ನಾನೇ ಹೇಳಬೇಕಾಗಿದೆ. ಇದು ಡೆಟ್ರಾಯಿಟ್ ನದಿಯಲ್ಲಿ ಅಂಚೆ ದೋಣಿಯಿಂದ ನೀವು ಹಡಗಿನಿಂದ ಇಳಿಬಿಟ್ಟ ಬಕೆಟ್‌ಗೆ ಬಿದ್ದು, ನೀವು ಹಗ್ಗ ಎಳೆದು ಮೇಲೆತ್ತಿಕೊಳ್ಳುವ ಹೊತ್ತಿಗೆ ವಾರ ಕಳೆದಿರುತ್ತದೆ. ಆದ್ದರಿಂದ ಕೆಮ್ಮು ಹೋಗಿದೆ ಎಂದೇ ತಿಳಿದುಕೊಂಡು ಮುಂದೆ ಬರೆಯುತ್ತೇನೆ. ನನ್ನ ಮಂಡಿ ಹಾಗೇ ಇದೆ. ನಿಮ್ಮಪ್ಪ ಚೆನ್ನಾಗಿದ್ದಾರೆ, ಅವರ ಹೊಟ್ಟೆ ಅವರಿಗಿಂತ ಚೆನ್ನಾಗಿದೆ.

ಸುದ್ದಿ ಎರಡಿವೆ. ನಿನ್ನ ವ್ರೆನ್ ಬದುಕಿದ್ದಾಳೆ. ಮತ್ತೆ, ನಿನ್ನ ಡ್ವೇನ್ ಮಾವ ನಿನ್ನೆ ಮಧ್ಯಾಹ್ನ ನಕ್ಕ. ಎರಡನೆಯದನ್ನು ಬರೆದು ನಾನೇ ಇನ್ನೊಮ್ಮೆ ಓದಿಕೊಂಡೆ.

ಇಷ್ಟು ದಿನ ನಿನಗೆ ಪೂರ್ತಿ ಬರೆದಿರಲಿಲ್ಲ. ಲವೋನ್ ಅತ್ತೆಯನ್ನು ಮಣ್ಣು ಮಾಡಿದ ಮೂರನೇ ದಿನಕ್ಕೆ ನೀನು ಹಡಗು ಹತ್ತಿದೆ. ನಿನ್ನ ತಲೆಯ ಮೇಲೆ ಇನ್ನೊಂದು ಭಾರ ಬೇಡ ಅನ್ನಿಸಿತು. ಹೆಂಡತಿ ಹೋದ ಮೇಲೆ ನನ್ನ ತಮ್ಮ ಬೇಸಿಗೆಯಿಡೀ ಯಾರ ಮನೆಗೂ ಹೋಗಲಿಲ್ಲ. ತೋಟಕ್ಕೆ ನೀರಿಲ್ಲ, ಗಡ್ಡಕ್ಕೆ ಕತ್ತರಿಯಿಲ್ಲ. ಸೆಪ್ಟೆಂಬರಿನಲ್ಲಿ ಮೂರು ಸಲ ಅವನಿಗೆ ಊಟ ತೆಗೆದುಕೊಂಡು ಹೋದೆ. ಮೂರು ಸಲವೂ ಅವನ ಜಿಂಕೆ ಬೇಟೆಯ ರೈಫಲ್ ಅಡುಗೆಮನೆ ಮೇಜಿನ ಮೇಲೆ, ಕಾಫಿ ಲೋಟದ ಪಕ್ಕದಲ್ಲೇ ಇತ್ತು. ಬೇಟೆ ಶುರುವಾಗುವುದು ನವೆಂಬರ್ ಕೊನೆಗೆ. ಒರೆಸುವ ಬಟ್ಟೆಯೂ ಇಲ್ಲ, ಎಣ್ಣೆಯೂ ಇಲ್ಲ, ಬರೀ ರೈಫಲ್. ನಾನು ಅದನ್ನು ನೋಡಿದೆ, ನಾನು ನೋಡಿದ್ದನ್ನು ಅವನೂ ನೋಡಿದ. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ನಾನೂರು ಮಕ್ಕಳ ಬಾಯಿ ಮುಚ್ಚಿಸಿದ ನಿಮ್ಮಮ್ಮ ಆಗ ಏನು ಮಾಡಿದಳು ಗೊತ್ತೇ? ಈ ಸಲ ಚಳಿ ಬೇಗ ಬರುವ ಹಾಗಿದೆ ಎಂದು ಹೇಳಿ ಬಂದಳು. ಕಾರಿನಲ್ಲಿ ಕೂತು ನನ್ನನ್ನೇ ಬೈದುಕೊಂಡೆ.

ಅವನು ಹೊರಗೆ ಬರುತ್ತಿದ್ದುದು ಭಾನುವಾರ ಮಧ್ಯಾಹ್ನ ಮಾತ್ರ, ಹೋವರ್ಡ್ ಕಥೆ ನಡೆಸುತ್ತ, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ದಾಳ ಹಾಕುವ ನಮ್ಮ ನೆಲಮಾಳಿಗೆಯ ಆಟಕ್ಕೆ. ಅದೂ ಆಟದ ಆಸೆಗಲ್ಲ. ಅವನ ಆಲ್ಡ್ರಿಕ್ ಎಂಬ ಯೋಧನ ಹಾಳೆಯನ್ನು ಬರೆದದ್ದು ಲವೋನ್. ಅಂಕಗಳನ್ನು ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದು, ಆ ಕಾಗದ ಬಟ್ಟೆಯಷ್ಟು ಮೆತ್ತಗಾಗಿದೆ. ನಮ್ಮ ಮೇಜಿನ ಪದ್ಧತಿ ನಿನಗೆ ಗೊತ್ತೇ ಇದೆ, ಪಾತ್ರ ಸತ್ತರೆ ಅದರ ಹಾಳೆ ಹೋವರ್ಡನ ಕಾಫಿ ಡಬ್ಬಕ್ಕೆ, ಮುಂದಿನ ವಾರ ಹೊಸ ಪಾತ್ರ ಬರೆದುಕೊಂಡು ಬರಬೇಕು. ಆಗಸ್ಟಿನಲ್ಲಿ ಒಮ್ಮೆ ಡ್ವೇನ್, "ಆಲ್ಡ್ರಿಕ್ ಹೋದ ದಿನ ನಂದೂ ಆಟ ಮುಗೀತು. ಹೊಸಬನ್ನ ಬರ್ಕೊಡೋ ಕೈ ಈಗಿಲ್ವಲ್ಲ," ಅಂದಿದ್ದ. ಆ ಭಾನುವಾರವೂ ತಪ್ಪಿದರೆ ಇವನು ಉಳಿಯುವುದಿಲ್ಲ ಎಂಬ ಹೆದರಿಕೆ ನನ್ನನ್ನು ಅಂದಿನಿಂದ ಬಿಟ್ಟಿರಲಿಲ್ಲ.

ಇನ್ನು ಆಟದಲ್ಲಿ ನಿನ್ನ ಪಾತ್ರವಾದ ವ್ರೆನ್ ವಿಷಯ. ಇಲ್ಲದವರ ಪಾತ್ರವನ್ನು ಅವರ ಕುರ್ಚಿಯಲ್ಲಿ ಕೂತವರು, ಅವರದೇ ದಾಳದಲ್ಲಿ, ಅವರು ಮಾಡುವಂತೆಯೇ ಆಡಬೇಕು ಎಂದು ಹೋವರ್ಡ್ ನನ್ನನ್ನು ಕೂರಿಸಿದ. ವ್ರೆನ್ ಎಂದರೆ ಕತ್ತಿ ಮುಟ್ಟದೆ ಬರಿಗೈಯಲ್ಲಿ ಕಾದುವ ಸನ್ಯಾಸಿನಿಯಂತೆ, ಗೋಡೆಗೆ ಕಾಲು ಕೊಟ್ಟು ಹಾರುವವಳಂತೆ. ನನಗೋ ಮೆಟ್ಟಿಲು ಇಳಿಯಲು ಕಂಬಿ ಬೇಕು. ಮೇ ತಿಂಗಳಿನಿಂದ ನಾನು ಅವಳಿಂದ ಮಾಡಿಸಿದ್ದು ಒಂದೇ ಕೆಲಸ, ಎದುರಿಗೆ ಬಂದವರಿಗೆಲ್ಲ ಗುದ್ದುವುದು. ನಮ್ಮ ಜೊತೆ ಆಡುವ ಪ್ಯಾಟಿ ಅಂತೂ, "ಮಾರ್ಲಿಸ್, ನೀನು ಸನ್ಯಾಸಿನೀನ ಆಡ್ತಿಲ್ಲ ಕಣೆ, ಹಿಟ್ಟು ನಾದ್ತಿದೀಯ," ಎಂದು ನಕ್ಕಿದ್ದಳು. ಅವಳ ಮಾಟಗಾತಿಗೆ ಬೆಂಕಿ ಎಸೆಯುವುದು ಬಿಟ್ಟು ಬೇರೆ ಏನು ಬರುತ್ತದೆ ಎಂದು ನಾನೂ ಕೇಳಿದೆ.

ನಿನ್ನೆ ಹೋವರ್ಡ್ ನಮ್ಮನ್ನು ಪಾಳುಬಿದ್ದ ಗಿರಣಿಯೊಂದರ ಕೆಳಗೆ ಇಳಿಸಿದ. ನಡುವೆ ಒಂದು ಬಾವಿ, ಬಾವಿಯ ಪಕ್ಕದ ಕಲ್ಲಿನ ಮೇಲೆ ಕಪ್ಪು ಕತ್ತಿ. ಹಿಡಿದವನು ತನ್ನವರ ಮೇಲೆಯೇ ತಿರುಗಿ ಬೀಳುತ್ತಾನೆ ಎಂದು ಕಲ್ಲಿನ ಮೇಲೆ ಕೆತ್ತಿದೆ ಅಂತ ಅವನು ಓದಿಯೂ ಹೇಳಿದ. ಇದರಲ್ಲಿ ಗುಟ್ಟೇನೂ ಇರಲಿಲ್ಲ. ಪ್ಯಾಟಿ ಬಾಗಿಲು ಹುಡುಕುತ್ತಿದ್ದಳು, ನಾನು ಬ್ರಾಟ್ ಸಾಸೇಜಿಗೆ ಸಾಸಿವೆ ಹಚ್ಚುತ್ತಿದ್ದೆ. ಡ್ವೇನ್ ತಲೆಯೆತ್ತದೆ, "ನಾನು ಅದನ್ನ ತಗೋತೀನಿ," ಅಂದ. ಹೋವರ್ಡ್ ಕನ್ನಡಕ ಕೆಳಗಿಳಿಸಿ, "ಓದಿದ್ದು ಕೇಳಿಸ್ತಲ್ಲ?" ಅಂದ. "ಕೇಳಿಸ್ತು." "ಖಂಡಿತಾನಾ?" "ತಗೊಂಡೆ ಅಂದ್ನಲ್ಲ." ಅಲ್ಲಿಗೆ ಆಲ್ಡ್ರಿಕ್ ನಮ್ಮ ವೈರಿಯಾದ.

ಪ್ಯಾಟಿ ಕೂಡಲೇ ದಾಳ ಕೈಗೆತ್ತಿಕೊಂಡಳು. ತಪ್ಪು ಅವಳದಲ್ಲ, ಆಟವೆಂದರೆ ಅಷ್ಟೇ ತಾನೇ. "ಸುಟ್ಟೇಬಿಡ್ತೀನಿ. ಇಲ್ದಿದ್ರೆ ನಮ್ಮಿಬ್ರನ್ನೂ ಮುಗಿಸ್ತಾನೆ," ಅಂದಳು. ಡ್ವೇನ್ ತಣ್ಣಗೆ, ಅಂಗಡಿಯಲ್ಲಿ ಚೀಸ್ ಕೇಳುವ ದನಿಯಲ್ಲಿ, "ಹೊಡೀರಿ. ಅವನಿಗೂ ಸಾಕಾಗಿದೆ," ಅಂದ. ಅವನ ಹೆಬ್ಬೆರಳು ಹಾಳೆಯ ಮೂಲೆಯಲ್ಲಿ ಲವೋನ್ ಬರೆದ ಹೆಸರನ್ನು ಸವರುತ್ತಿತ್ತು. ಕರ್ಸ್ಟನ್, ಆಗ ನನಗೆ ಅರ್ಥವಾಯಿತು. ಅವನು ಆಟ ಬಿಡಲು ನೆಪ ಹುಡುಕುತ್ತಿದ್ದ. ಆಟ ಬಿಟ್ಟ ಮೇಲೆ ಏನನ್ನು ಬಿಡುತ್ತಾನೆ ಎಂದು ನಾನು ಹೇಳಬೇಕಾಗಿಲ್ಲ.

"ಪ್ಯಾಟಿ, ನಂಗೆ ಸ್ವಲ್ಪ ಅವಕಾಶ ಕೊಡು," ಎಂದು ಕೇಳಿಕೊಂಡೆ. ಏನು ಮಾಡಬೇಕೆಂದು ತಿಳಿಯದೆ ವ್ರೆನ್‌ಳ ಹಾಳೆಯನ್ನು ಸುಮ್ಮನೆ ತಿರುಗಿಸಿದೆ. ಐದು ತಿಂಗಳಿನಿಂದ ಆ ಹಾಳೆಗೆ ಬೆನ್ನೂ ಇದೆ ಎಂದು ನಾನು ನೋಡಿಯೇ ಇರಲಿಲ್ಲ. ಅಲ್ಲಿ ನಿನ್ನ ಕೋಳಿಕಾಲಿನ ಅಕ್ಷರ: "ಮೊದಲು ಆಯುಧ ಬಿಡಿಸು. ಅಲಗನ್ನು ನೋಡಬೇಡ, ಮಣಿಕಟ್ಟು ನೋಡು. ನಿನ್ನ ಎರಡು ಕೈಯೂ ಖಾಲಿ ಇವೆ, ಅದೇ ನಿನ್ನ ಬಲ." ನಿನ್ನನ್ನು ಹೆತ್ತದ್ದು ಆ ಕ್ಷಣ ನನಗೆ ಸಾರ್ಥಕ ಅನ್ನಿಸಿತು. ಹೊಡೆಯುವುದಿಲ್ಲ, ಕತ್ತಿ ಬಿಡಿಸುತ್ತೇನೆ ಎಂದು ಹೇಳಿದೆ. ಹೋವರ್ಡ್ ಲೆಕ್ಕ ಹೇಳಿದ: ಇಬ್ಬರೂ ಇಪ್ಪತ್ತು ಮುಖದ ದಾಳ ಹಾಕಬೇಕು, ಹೆಚ್ಚು ಬಂದವರದು ಗೆಲುವು. ಸೋತರೆ ಅವನ ಏಟು ನನಗೆ. ವ್ರೆನ್‌ಳ ಕೈ ಚುರುಕಾದ್ದರಿಂದ ಒಂದು ಸುತ್ತಿಗೆ ಎರಡು ಪ್ರಯತ್ನ.

ಮೊದಲ ಸಲ ನನಗೆ ಏಳು, ಅವನಿಗೆ ಹನ್ನೆರಡು. ನಿನ್ನ ವ್ರೆನ್‌ಳ ಮೂವತ್ತೊಂದು ಪ್ರಾಣದ ಅಂಕ ಹತ್ತೊಂಬತ್ತಕ್ಕಿಳಿಯಿತು. ಎರಡನೇ ಸಲ ನನಗೆ ಹದಿನೆಂಟು. ಕತ್ತಿ ಕೈಬಿಟ್ಟು ಕಲ್ಲಿನ ಮೇಲೆ ಠಣ್ಣೆಂದು ಬಿತ್ತು. ಪ್ಯಾಟಿ ಚಪ್ಪಾಳೆ ತಟ್ಟಿದಳು. ನಾನು ದೊಡ್ಡ ಕೆಲಸ ಮುಗಿಸಿದವಳಂತೆ ಹಿಂದಕ್ಕೊರಗಿ ಬ್ರಾಟ್ ಕಚ್ಚಿದೆ. ಹೋವರ್ಡ್ ಮೆಲ್ಲಗೆ, "ಮಾರ್ಲಿಸ್, ಕತ್ತಿ ಯಾರ ಕಾಲ ಹತ್ರ ಬಿತ್ತು?" ಎಂದು ಕೇಳಿದ. ಯಾರ ಕಾಲ ಬಳಿಯೆಂದರೆ, ಆಲ್ಡ್ರಿಕ್‌ನ ಕಾಲ ಬಳಿಯೇ. ಡ್ವೇನ್, "ಎತ್ಕೊಂಡೆ," ಅಂದ, ಎತ್ತಿಕೊಂಡು ಬೀಸಿಯೂ ಬೀಸಿದ. ಉಳಿದದ್ದು ಆರು ಅಂಕ.

ನಾನು ಜಗಳಕ್ಕೇ ನಿಂತೆ. ಕತ್ತಿ ಬೀಳಿಸಿದ ಮೇಲೆ ದೂರ ಒದೆಯುವುದನ್ನೂ ಬಿಡಿಸಿ ಹೇಳಬೇಕೇ, ಅಷ್ಟೂ ಬುದ್ಧಿ ಇಲ್ಲವೇ ವ್ರೆನ್‌ಗೆ ಎಂದು. "ವ್ರೆನ್‌ಗೆ ಬುದ್ಧಿ ಇದೆ. ಆದ್ರೆ ನೀನು ಹೇಳ್ಲಿಲ್ಲ," ಅಂದ ಹೋವರ್ಡ್. ಮೂವತ್ತೈದು ವರ್ಷದಿಂದ ಅವನದು ಅದೇ ಕಟ್ಟಳೆ, ಮೇಜಿನ ಮುಂದೆ ಬಾಯಿಬಿಟ್ಟು ಹೇಳದ ಕೆಲಸ ಆಗಿಲ್ಲವೆಂದೇ ಲೆಕ್ಕ. ಆಮೇಲೆ ಇನ್ನೊಂದು ಮಾತು ಸೇರಿಸಿದ: "ಆ ಕತ್ತಿ ಕೈಗೆ ಸಿಗೋ ದೂರದಲ್ಲಿ ಇರೋವರೆಗೂ ಅವನನ್ನ ಕರೀತಾನೇ ಇರತ್ತೆ. ಬೀಳ್ಸಿದ್ರೆ ಸಾಲ್ದು." ನನಗೆ ಡ್ವೇನ್‌ನ ಅಡುಗೆಮನೆ ಮೇಜು ಕಣ್ಣ ಮುಂದೆ ಬಂತು. ಬಾಯಿಬಿಟ್ಟು ಹೇಳದೆ ಬಂದವಳು ನಾನೇ ಅಲ್ಲವೇ.

ಇನ್ನೊಂದು ಸೋಲಾದರೆ ವ್ರೆನ್ ಸಾಯುತ್ತಿದ್ದಳು. ಹನ್ನೊಂದು ವರ್ಷ ನೀನು ಕಾಪಾಡಿಕೊಂಡು ಬಂದವಳು. ಪ್ಯಾಟಿ ನನ್ನ ಮೊಣಕೈ ಹಿಡಿದು, "ಬೇಡ ಕಣೆ, ಕರ್ಸ್ಟನ್‌ಗೆ ಏನ್ ಹೇಳ್ತೀಯ?" ಅಂದಳು. ನಿನ್ನನ್ನು ಕೇಳದೆ ನಿನ್ನವಳನ್ನು ಪಣಕ್ಕಿಟ್ಟೆ, ಅದಕ್ಕೆ ಕ್ಷಮಿಸು. ಆದರೆ ನೀನಿದ್ದರೂ ಅದನ್ನೇ ಮಾಡುತ್ತಿದ್ದೆ. ನಿನ್ನ ಹಸಿರು ದಾಳ ಹಾಕಿದೆ, ಹದಿನೈದು ಬಿತ್ತು. ಡ್ವೇನ್ ತನ್ನದನ್ನು ಹಾಕಿದ. ಅದು ಉರುಳಿ ನಿಂತದ್ದೇ ಅಂಗೈ ಮುಚ್ಚಿದ. ಅಷ್ಟು ಹೊತ್ತು ಅವನು ಆ ಕೈಯನ್ನೇ ನೋಡುತ್ತ ಕೂತದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಕೊನೆಗೆ ದಾಳವನ್ನು ಮುಷ್ಟಿಯಲ್ಲಿ ತೆಗೆದುಕೊಂಡು, "ಮೂರು," ಅಂದ. ದಾಳ ಕರವಸ್ತ್ರಕ್ಕೆ ತಾಗಿದರೂ ಮತ್ತೆ ಹಾಕಿಸುವ ಹೋವರ್ಡ್ ಏನೂ ಕೇಳದೆ ಮೂರು ಎಂದು ಬರೆದುಕೊಂಡ. ನಿಮ್ಮಪ್ಪ ಬ್ರಾಟ್ ತಟ್ಟೆ ಹಿಡಿದು ಅವನ ಬೆನ್ನ ಹಿಂದೆಯೇ ನಿಂತಿದ್ದರು. ಎಲ್ಲರೂ ಹೋದ ಮೇಲೆ ಪಾತ್ರೆ ಒರೆಸುತ್ತ, "ಬಿದ್ದಿದ್ದು ಹದಿನೇಳು," ಅಂದರು.

ಈ ಸಲ ನಾನು ಒಂದನ್ನೂ ಬಿಡಲಿಲ್ಲ. ಮಣಿಕಟ್ಟು ತಿರುಚುತ್ತೇನೆ, ಕತ್ತಿಯನ್ನು ಬರಿಗೈಯಲ್ಲಿ ಮುಟ್ಟದೆ ಮೇಲಂಗಿಯಲ್ಲಿ ಸುತ್ತಿಕೊಳ್ಳುತ್ತೇನೆ, ಬಾವಿಯವರೆಗೆ ನಡೆಯುತ್ತೇನೆ, ಒಳಗೆ ಎಸೆಯುತ್ತೇನೆ, ನೀರಿನ ಸದ್ದು ಕೇಳುವವರೆಗೆ ಅಲ್ಲೇ ನಿಲ್ಲುತ್ತೇನೆ. ಹೋವರ್ಡ್ ನಗು ತಡೆದುಕೊಂಡು, "ಆಯ್ತಾ? ಇನ್ನೇನಾದ್ರೂ ಇದ್ಯಾ?" ಅಂದ. "ಇದೆ. ವಾಪಸ್ ಬಂದು ಅವನ ಪಕ್ಕದಲ್ಲಿ ಕೂತ್ಕೋತೀನಿ. ಎದ್ದು ಹೋಗು ಅಂದ್ರೂ ಹೋಗಲ್ಲ," ಅಂದೆ. ಡ್ವೇನ್ ನನ್ನ ಕಡೆ ತಿರುಗಿ, "ನಿನ್ ಮಂಡೀಗೆ ನೆಲದ ಮೇಲೆ ಕೂರಕ್ಕಾಗತ್ತಾ?" ಅಂದ. ಅಂದವನೇ ನಕ್ಕ. ನಗುತ್ತ ನಗುತ್ತ ಮುಖ ಒರೆಸಿಕೊಂಡ. ಪ್ಯಾಟಿ ಮೇಲೆ ಹೋಗಿ ಕಾಫಿ ತರುವ ನೆಪದಲ್ಲಿ ಕಾಲು ಗಂಟೆ ನಾಪತ್ತೆಯಾದಳು. ಹೋಗುವಾಗ ಅವನು ಆಲ್ಡ್ರಿಕ್‌ನ ಹಾಳೆಯನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡು, ಮುಂದಿನ ಭಾನುವಾರ ತಾನು ಚೀಸ್ ತರುತ್ತೇನೆ ಎಂದ.

ಹೊರಗೆ ಒಳ್ಳೆಯ ಬಿಸಿಲಿದೆ. ಇವತ್ತು ಬಟ್ಟೆ ಒಣಗುತ್ತದೆ. ಐದು ತಿಂಗಳಿನಲ್ಲಿ ಮೊದಲ ಸಲ ಮನಸ್ಸು ಹಗುರಾಗಿದೆ. ಪ್ಯಾಟಿ, ಹೋವರ್ಡ್ ನಿನ್ನನ್ನು ಕೇಳಿದ್ದಾರೆ. ನಿಮ್ಮ ಹಡಗಿನ ಅಡುಗೆಯವನಿಗೆ ನನ್ನ ನೆನಪು ಹೇಳು, ಸಾರಿಗೆ ಇನ್ನೂ ಒಂದಿಷ್ಟು ಉಪ್ಪು ಹಾಕಲಿ. ದೇವರು ನಿನ್ನ ಕಾಲ ಕೆಳಗಿನ ಡೆಕ್ಕನ್ನು ಒಣಗಿಸಿಟ್ಟಿರಲಿ.

ನಿನ್ನ ಅಮ್ಮ,
ಮಾರ್ಲಿಸ್

ಮರೆತ ಮಾತು: ಮರೆತದ್ದಲ್ಲ, ಈಗ ತಾನೇ ನಡೆದದ್ದು. ಅಂಟಿಸಿದ ಲಕೋಟೆಯನ್ನು ಕೆಟಲ್‌ನ ಹಬೆ ಹಿಡಿದು ಬಿಚ್ಚಿದ್ದೇನೆ. ಡ್ವೇನ್ ಗಡ್ಡ ಬೋಳಿಸಿಕೊಂಡು ಬಂದಿದ್ದ, ಕೈಯಲ್ಲಿ ರೈಫಲ್‌ನ ಚೀಲ. ನನ್ನ ಅಡುಗೆಮನೆ ಮೇಜಿನ ಮೇಲಿಟ್ಟು, "ಇದು ನಿಮ್ಮನೇಲಿರ್ಲಿ. ನವೆಂಬರ್‌ನಲ್ಲಿ ಕರ್ಸ್ಟನ್ ಬಂದ್ಮೇಲೆ ಎಲ್ರೂ ಒಟ್ಟಿಗೆ ಬೇಟೆಗೆ ಹೋಗೋಣ. ಅಲ್ಲೀವರೆಗೂ ನನ್ ಹತ್ರ ಬೇಡ," ಅಂದ. ನಾನು ಸುಮ್ಮನಿರಲಿಲ್ಲ, ಚಳಿಯ ಮಾತಾಡಲಿಲ್ಲ. "ತಗೊಂಡೆ, ಡ್ವೇನ್. ಬೀರುವಲ್ಲಿಟ್ಟು ಬೀಗ ಹಾಕ್ತೀನಿ. ಸೆಪ್ಟೆಂಬರ್‌ನಲ್ಲೇ ಕೇಳ್ಬೇಕಿತ್ತು, ಭಯ ಆಯ್ತು. ನೀನು ನಂಗೆ ಬೇಕು ಕಣೋ," ಅಂದೆ. ಅವನು ತಲೆಯಾಡಿಸಿ ಕೂತ. ನಾಳೆ ನಮ್ಮ ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಿಕೊಳ್ಳಲು ಒಪ್ಪಿದ್ದಾನೆ, ನಾನೂ ಜೊತೆಗೆ ಹೋಗುತ್ತೇನೆ. ಈಗ ನಿಮ್ಮಪ್ಪನ ಎದುರು ಕೂತು ಮೊಟ್ಟೆ ತಿನ್ನುತ್ತಿದ್ದಾನೆ. ಬೀರುವಿಗೆ ಇರುವುದು ಒಂದೇ ಕೀಲಿ, ಅದನ್ನು ಈ ಹಾಳೆಗೆ ಟೇಪು ಹಾಕಿ ಅಂಟಿಸಿದ್ದೇನೆ. ತನ್ನ ರೈಫಲ್ಲೂ ಒಳಗೇ ಉಳಿಯಿತು ಎಂದು ನಿಮ್ಮಪ್ಪ ಗೊಣಗುತ್ತಿದ್ದಾರೆ, ಗೊಣಗಲಿ. ಕೀಲಿಯನ್ನು ನೀನು ಬರುವಾಗ ತಂದರೆ ಸಾಕು. ಬಕೆಟ್ ಎಳೆಯುವಾಗ ಅದೇನಾದರೂ ಜಾರಿ ನದಿಗೆ ಬಿದ್ದರೆ, ನೀರಿನ ಸದ್ದು ಕೇಳಿಸಿತು ಎಂದು ಎರಡು ಸಾಲು ಬರೆದು ಹಾಕು.